ಒಂದೇ ತೂಕದ ವಾರಗಿತ್ತಿಯರು

ನನ್ನ ವಾರಗಿತ್ತಿಯ ಮೈ ಕಂಡರೆ ನನಗೆ ಆಗುತ್ತಿರಲಿಲ್ಲ. ಮೈ ಎಂದರೆ ಬಣ್ಣವಲ್ಲ, ರೂಪವಲ್ಲ. ಆ ವಿಚಾರದಲ್ಲಿ ನಾನೇ ಒಂದು ಕೈ ಮೇಲು, ಅದನ್ನು ಅವಳೂ ಒಪ್ಪುತ್ತಾಳೆ. ನನ್ನ ಕಣ್ಣು ಕುಕ್ಕುತ್ತಿದ್ದದ್ದು ಅವಳ ಸೊಂಟ, ಅವಳ ತೋಳು, ಎಷ್ಟು ಬಗ್ಗಿ ಎದ್ದರೂ ಒಮ್ಮೆಯೂ ಉಸ್ಸೆನ್ನದ ಅವಳ ಉಸಿರು. ಅವಳು ನನ್ನ ಮೈದುನನ ಹೆಂಡತಿ. ನಾನು ಮುಳಬಾಗಿಲ ಕಡೆಯಿಂದ ಬಂದವಳು, ಅವಳು ಶ್ರೀನಿವಾಸಪುರದ ಯಲ್ದೂರಿನವಳು. ಸುಗಟೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಒಂದೇ ಮನೆಗೆ ಸೊಸೆಯರಾಗಿ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಮನೆ ಭಾಗವಾಗಿಲ್ಲ, ಅಡುಗೆ ಬೇರೆಯಾಗಿಲ್ಲ. ಇಷ್ಟು ವರ್ಷ ಒಟ್ಟಿಗೆ ಇದ್ದೀರಲ್ಲ ಎಂದು ಊರಿನವರು ಮೆಚ್ಚುತ್ತಾರೆ. ಎಲ್ಲರ ಮನೆ ದೋಸೆಯೂ ತೂತೇ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತೇನೆ.

ನಾನು ನಮ್ಮೂರಿನ ಹೆಂಗಸರ ಸಂಘದ ಹಾಲಿನ ಡೈರಿಯಲ್ಲಿ ಟೆಸ್ಟರು. ಬೆಳಿಗ್ಗೆ ಮತ್ತು ಸಂಜೆ ಊರಿನವರು ಹಾಲಿನ ಕ್ಯಾನು ಹಿಡಿದು ಸಾಲು ನಿಲ್ಲುತ್ತಾರೆ. ಒಬ್ಬೊಬ್ಬರ ಹಾಲನ್ನೂ ಒಂದಿಷ್ಟು ಮಿಷನ್ನಿಗೆ ಕುಡಿಸಿ ಫ್ಯಾಟು ಎಷ್ಟು ಬಂತೆಂದು ನಾನು ಕೂಗಿ ಹೇಳುತ್ತೇನೆ. ಫ್ಯಾಟು ಎಂದರೆ ಹಾಲಿನಲ್ಲಿರುವ ಕೊಬ್ಬು. ಅದರ ಮೇಲೆಯೇ ರೇಟು. ನಾಲ್ಕು ಬಂದವಳು ಸೆರಗು ಸರಿಮಾಡಿಕೊಂಡು ಠೀವಿಯಿಂದ ಹೋಗುತ್ತಾಳೆ, ಮೂರು ಬಂದವಳು ನಾನೇ ಅವಳ ಹಸುವಿನ ಕೆಚ್ಚಲಿಗೆ ನೀರು ಬಿಟ್ಟೆನೇನೋ ಎಂಬಂತೆ ನೋಡುತ್ತಾಳೆ. ಎರಡು ಕ್ಯಾನಿನಲ್ಲಿ ಹಾಲು ಒಂದೇ ತೂಗಿದರೂ ಒಳಗಿರುವುದು ಬೇರೆ ಬೇರೆ ಎಂದು ನನಗಿಂತ ಚೆನ್ನಾಗಿ ತಿಳಿದವರು ಊರಿನಲ್ಲಿ ಯಾರೂ ಇಲ್ಲ. ಅದು ನನ್ನ ಮೈಗೂ ಅನ್ವಯಿಸುವ ಮಾತೆಂದು ಮಾತ್ರ ಯಾವತ್ತೂ ಹೊಳೆದಿರಲಿಲ್ಲ.

ಪಿಯುಸಿ ಓದಿದ್ದೆ ಎಂಬ ಕಾರಣಕ್ಕೆ ಮದುವೆಯಾದ ಹೊಸದರಲ್ಲೇ ನನಗೆ ಆ ಕೆಲಸ ಸಿಕ್ಕಿತು. ವಾರಗಿತ್ತಿ ಏಳನೇ ಕ್ಲಾಸಿಗೆ ಬಿಟ್ಟವಳು. ನನಗೆ ಫ್ಯಾನು, ಕುರ್ಚಿ, ಎಲ್ಲರೂ 'ಮೇಡಂ' ಅನ್ನುವ ಮರ್ಯಾದೆ. ಅವಳಿಗೆ ಸೀಮೆ ಹಸುಗಳು, ಟೊಮೆಟೊ ತೋಟ, ಮನೆಯ ಹಿಂದೆ ರೇಷ್ಮೆ ಹುಳದ ಶೆಡ್ಡು, ಆ ಹುಳಗಳಿಗೆ ದಿನವೂ ತೋಟದಿಂದ ಹೊತ್ತು ತರುವ ಹಿಪ್ಪುನೇರಳೆ ಸೊಪ್ಪು. ಆಗ ಹೊಟ್ಟೆಕಿಚ್ಚು ಪಡಬೇಕಾದವಳು ಅವಳು. ಪಟ್ಟಳೋ ಇಲ್ಲವೋ ನಾನು ಕೇಳಲಿಲ್ಲ. ಪಟ್ಟಿರಲಿ ಎಂದು ಒಳಗೊಳಗೇ ಆಸೆಯಂತೂ ಇತ್ತು.

ಕಳೆದ ವರ್ಷ ಮಾವಿನಹಣ್ಣಿನ ಕಾಲದಲ್ಲಿ ಎಲ್ಲವೂ ತಿರುಗಿ ಬಿತ್ತು. ಸುಸ್ತು, ಕಣ್ಣು ಮಂಜು ಎಂದು ಕೋಲಾರದ ಡಾಕ್ಟರ ಹತ್ತಿರ ಹೋಗಿದ್ದೆ. ರಕ್ತ ಪರೀಕ್ಷೆ ನೋಡಿ ಅವರು, ಶುಗರು ಗಡಿಯ ಮೇಲೆ ನಿಂತಿದೆ, ಲಿವರಿನಲ್ಲಿ ಕೊಬ್ಬು ಕೂತಿದೆ, ಕೊಬ್ಬು ಇಳಿಸಿಕೊಂಡು ಬಂದರೆ ಸರಿ, ಇಲ್ಲದಿದ್ದರೆ ಮಾತ್ರೆ ಶುರು ಎಂದರು. ಬೇರೆಯವರಿಗೆ ಇದು ಸಣ್ಣ ಮಾತಾಗಿರಬಹುದು. ನಮ್ಮಮ್ಮ ಶುಗರಿನಿಂದ ಮೊದಲು ಕಾಲಿನ ಒಂದು ಬೆರಳು ಕಳೆದುಕೊಂಡಳು, ಆಮೇಲೆ ಪಾದ, ಆಮೇಲೆ ಬದುಕುವ ಆಸೆ. ಬಸ್ಸಿನಲ್ಲಿ ವಾಪಸ್ಸು ಬರುವಾಗ ನಾನು ಪೂರ್ತಿ ಹೊತ್ತೂ ನನ್ನ ಕಾಲುಗಳನ್ನೇ ನೋಡುತ್ತಿದ್ದೆ. ನನಗೆ ಹೆದರಿಕೆಯಾಗಿತ್ತು.

ಮನೆಗೆ ಬಂದರೆ ಜಗಲಿಯ ತುಂಬ ಹಣ್ಣಿನ ವಾಸನೆ. ವಾರಗಿತ್ತಿಯ ತವರಿನಿಂದ ಬುಟ್ಟಿ ಬುಟ್ಟಿ ಮಾವು ಬಂದಿತ್ತು. ಅವಳು ಗೋಡೆಗೆ ಒರಗಿ ಕೂತು ಬಾದಾಮಿ ಹಣ್ಣನ್ನು ಸಿಪ್ಪೆ ಸಮೇತ ಚೀಪುತ್ತಿದ್ದಳು, ರಸ ಮೊಳಕೈವರೆಗೆ ಇಳಿದಿತ್ತು. ಅಕ್ಕನಿಗೆ ಒಳ್ಳೆಯದು ಆರಿಸಿ ಇಟ್ಟಿದ್ದೀನಿ ಅಂದಳು. ಬೇಡ ಅಂದೆ. ಅವತ್ತು ನನಗೆ ಅವಳ ಮೇಲೆ ಬಂದ ಸಿಟ್ಟಿಗೆ ಅಳತೆಯೇ ಇರಲಿಲ್ಲ.

ಅದಾದ ಸ್ವಲ್ಪ ದಿನಕ್ಕೇ ಡೈರಿ ಕಟ್ಟಡದಲ್ಲಿ ಆರೋಗ್ಯ ತಪಾಸಣೆ ಶಿಬಿರ ನಡೆಯಿತು. ಬಿಪಿ, ಶುಗರಿನ ಜೊತೆಗೆ ಈ ಸಲ ಹೊಸದೊಂದು ಮಿಷನ್ನು ತಂದಿದ್ದರು. ಬರಿಗಾಲಿನಲ್ಲಿ ಅದರ ಮೇಲೆ ನಿಂತು ಎರಡು ಹಿಡಿ ಹಿಡಿದುಕೊಂಡರೆ ಮೈಯಲ್ಲಿ ನೂರಕ್ಕೆ ಎಷ್ಟು ಪಾಲು ಕೊಬ್ಬಿದೆ ಎಂದು ಹೇಳುತ್ತದೆಯಂತೆ. ಗೊತ್ತೇ ಆಗದಷ್ಟು ಸಣ್ಣ ಕರೆಂಟನ್ನು ಮೈಯಲ್ಲಿ ಹರಿಸುತ್ತದೆ, ನೀರಿರುವ ಮಾಂಸದಲ್ಲಿ ಅದು ಸಲೀಸಾಗಿ ಹೋಗುತ್ತದೆ, ಕೊಬ್ಬಿನಲ್ಲಿ ತಡೆಯುತ್ತದೆ, ಅದರ ಮೇಲೆ ಅಂದಾಜು ಎಂದು ನರ್ಸು ವಿವರಿಸಿದಳು. ನನಗೆ ಬೇಗ ಅರ್ಥವಾಯಿತು. ನನ್ನ ಕೆಲಸವೇ ಅದಲ್ಲವೇ, ಹಾಲಿನ ಬದಲು ಹೆಂಗಸರು ಅಷ್ಟೆ.

ಮೊದಲು ನನ್ನ ಗಂಡ ಹತ್ತಿದರು. ಇಪ್ಪತ್ತಾರು ಬಂತು. ಆಮೇಲೆ ನಾನು. ಅರವತ್ತಾರು ಕೆಜಿ, ಫ್ಯಾಟು ನಲವತ್ತೊಂದು. ಗಂಡ ಮೀಸೆಯಡಿ ನಕ್ಕರು. ಗಂಡಸರದ್ದೂ ಹೆಂಗಸರದ್ದೂ ಹೋಲಿಸಬಾರದು, ಹೆಣ್ಣು ಮೈಗೆ ಹುಟ್ಟಿನಿಂದಲೇ ಕೊಬ್ಬಿನ ಪಾಲು ಹೆಚ್ಚು, ಅದು ಬೇಕೂ ಬೇಕು ಎಂದು ನರ್ಸು ಅವರ ಬಾಯಿ ಮುಚ್ಚಿಸಿದಳು. ಸರಿ, ಅವರದು ಹಸು ಲೆಕ್ಕ, ನಮ್ಮದು ಎಮ್ಮೆ ಲೆಕ್ಕ ಎಂದು ಸಮಾಧಾನ ಮಾಡಿಕೊಂಡೆ. ಅಷ್ಟರಲ್ಲಿ ವಾರಗಿತ್ತಿ ಹತ್ತಿದಳು. ಅವಳ ಹಿಮ್ಮಡಿ ಒಡೆದು ಒಣಗಿತ್ತು, ಮಿಷನ್ನು ಮೊದಲ ಸಲ ಏನನ್ನೂ ತೋರಿಸಲಿಲ್ಲ. ನರ್ಸು ಒದ್ದೆ ಬಟ್ಟೆಯಿಂದ ಪಾದ ಒರೆಸಿ ಮತ್ತೆ ನಿಲ್ಲಿಸಿದಳು. ತೂಕ ಅರವತ್ತಾರು. ಫ್ಯಾಟು ಮೂವತ್ತು.

ತೂಕ ಒಂದೇ, ಎತ್ತರವೂ ಹೆಚ್ಚು ಕಡಿಮೆ ಒಂದೇ, ಒಂದೇ ಕೊಟ್ಟಿಗೆಯ ಎರಡು ಎಮ್ಮೆ. ಹನ್ನೊಂದು ಪಾಯಿಂಟು ವ್ಯತ್ಯಾಸ. ಅವಳು ಹೆಚ್ಚು ತೂಗಿ ನಾನು ಕಡಿಮೆ ತೂಗಿದ್ದರೆ, ಇಲ್ಲವೇ ಅವಳು ಕಡ್ಡಿಯಂತಿದ್ದರೆ ಮನಸ್ಸಿಗೆ ಏನಾದರೂ ಹೇಳಿಕೊಳ್ಳಬಹುದಿತ್ತು. ಹೀಗೆ ಸರಿಸಮ ತೂಗಿ ಸೋಲಿಸಿದರೆ ಏನು ಹೇಳುವುದು? ಅವಳದು ಮಾಂಸಖಂಡ, ನಿಮ್ಮದು ಹೊಟ್ಟೆಯ ಸುತ್ತಲಿನ ಕೊಬ್ಬು, ಶುಗರಿಗೆ ದಾರಿ ಮಾಡಿಕೊಡುವುದು ಅದೇ, ಬರೀ ತೂಕ ನೋಡಬೇಡಿ ಎಂದು ನರ್ಸು ಹೇಳುತ್ತಲೇ ಇದ್ದಳು. ನನ್ನ ಕಿವಿಗೆ ಮೂವತ್ತು ಎನ್ನುವುದೊಂದೇ ಬಡಿಯುತ್ತಿತ್ತು.

ಗಾಯದ ಮೇಲೆ ಬರೆ ಎಳೆದವರು ನಮ್ಮತ್ತೆ. ಹುಟ್ಟಿದಾಗಿನಿಂದ ಫ್ಯಾಟು ಹೆಚ್ಚು ಬಂದರೆ ಹಬ್ಬ ಮಾಡಿದ ಜೀವ ಅದು. ಸಂಜೆ ಪಕ್ಕದ ಮನೆಯವರ ಮುಂದೆ ಹೆಮ್ಮೆಯಿಂದ ಹೇಳುತ್ತಿದ್ದರು: "ನಮ್ಮ ದೊಡ್ಡ ಸೊಸೆಗೆ ನಲವತ್ತೊಂದು ಬಂದದೆ ಕಣಮ್ಮಾ. ಚಿಕ್ಕವಳಿಗೆ ಬರೀ ಮೂವತ್ತು, ಪಾಪಂ."

ಆ ರಾತ್ರಿ ಊಟಕ್ಕೆ ಕೂತಾಗ ಅತ್ತೆ ಚಿಕ್ಕ ಸೊಸೆಯ ಮುದ್ದೆಗೆ ಒಂದು ಚಮಚ ತುಪ್ಪ ಹೆಚ್ಚಿಗೆ ಹಾಕಿದರು. ಅವಳು ಬೇಡವೆನ್ನದೆ ಉಂಡಳು. ನನ್ನ ಹೊಟ್ಟೆ ಉರಿದುಹೋಯಿತು.

ಮಾರನೆಯ ದಿನದಿಂದ ನಾನು ಮುದ್ದೆ ಬಿಟ್ಟೆ, ಅನ್ನ ಬಿಟ್ಟೆ. ಕೊಬ್ಬು ಇಳಿಸಬೇಕೆಂದರೆ ತಿನ್ನುವುದನ್ನು ನಿಲ್ಲಿಸಬೇಕು, ಇದಕ್ಕೆ ಯಾವ ನರ್ಸು ಬೇಕು ಎಂಬುದು ನನ್ನ ವಾದ. ಮಧ್ಯಾಹ್ನ ಸೌತೆಕಾಯಿ ಮತ್ತು ನೀರು ಮಜ್ಜಿಗೆ, ರಾತ್ರಿ ಒಂದು ಒಣ ಚಪಾತಿ. ಹಾಲಿನ ಮಧ್ಯೆ ಕೂತವಳು ಒಂದು ಲೋಟ ಹಾಲು ಕುಡಿಯಲಿಲ್ಲ. ನಡಿಗೆಯೂ ಇಲ್ಲ, ಕೆಲಸವೂ ಇಲ್ಲ, ಅದೇ ಕುರ್ಚಿ. ಸಾಲು ಕರಗಿ ಎಲ್ಲರೂ ಹೋದಮೇಲೆ ಬಾಗಿಲು ಮುಂದೆ ಮಾಡಿ, ಹಾಲಿನ ಕ್ಯಾನು ತೂಗುವ ತಕ್ಕಡಿಯ ಮೇಲೆ ಚಪ್ಪಲಿ ಬಿಟ್ಟು ಹತ್ತುತ್ತಿದ್ದೆ. ಅರವತ್ತೈದಾಯಿತು, ಅರವತ್ಮೂರಾಯಿತು. ಆ ತಕ್ಕಡಿಯ ಮೇಲೆ ನಿಂತು ನಾನು ಪಟ್ಟ ಸುಖವನ್ನು ಯಾವ ಮಾವಿನಹಣ್ಣೂ ಕೊಟ್ಟಿರಲಿಕ್ಕಿಲ್ಲ.

ಊರೂ ಗಮನಿಸಿತು. ಹಾಲು ಹಾಕಲು ಬಂದವರು, ಮೇಡಂ ಸಣ್ಣ ಆಗಿದ್ದೀರ, ಏನು ಮಾಡಿದಿರಿ ಎಂದು ಕೇಳತೊಡಗಿದರು. ಮಾಲೂರಿನಿಂದ ಬಂದಿದ್ದ ನಾದಿನಿ ನನ್ನ ರವಿಕೆಯ ಸಡಿಲ ಹಿಡಿದು ನೋಡಿ ಅಸೂಯೆಪಟ್ಟಳು, ಅದು ನನಗೆ ಊಟದಷ್ಟೇ ಪುಷ್ಟಿ ಕೊಟ್ಟಿತು. ಮದುವೆಯಲ್ಲಿ ಇದ್ದ ಹಾಗೆಯೇ ಕಾಣುತ್ತೀಯ ಎಂದು ಗಂಡ ಕೂಡ ಅಂದರು. ಏನೂ ಅನ್ನದವಳು ವಾರಗಿತ್ತಿ ಒಬ್ಬಳೇ. ಕೊನೆಗೊಂದು ದಿನ ಕೊಟ್ಟಿಗೆಯಲ್ಲಿ ಎದುರಾದಾಗ, ಅಕ್ಕಾ, ಮುಖ ಬಾಡಿದೆ, ಒಂದು ಮೊಟ್ಟೆನಾದ್ರೂ ತಿನ್ನಬಾರದಾ ಎಂದಳು. ಸಿಕ್ಕಿಬಿದ್ದೆಯಾ, ಈಗ ಹೊಟ್ಟೆಕಿಚ್ಚು ಪಡುವ ಸರದಿ ನಿನ್ನದು ಎಂದು ನಾನು ಮನಸ್ಸಿನಲ್ಲೇ ಕೇಕೆ ಹಾಕಿದೆ. ಅವಳ ತೂಕ ಅರವತ್ತಾರರಿಂದ ಒಂದು ಕೂದಲಷ್ಟೂ ಅಲುಗಿರಲಿಲ್ಲ. ಅವಳು ಎರಡು ಮುದ್ದೆ ಉಣ್ಣುವುದನ್ನೂ ಬಿಟ್ಟಿರಲಿಲ್ಲ.

ಅವರೆಕಾಯಿ ಕಾಲ ಬಂತು. ಮನೆ ತುಂಬ ಹಿತಕಿದ ಬೇಳೆ ಸಾರಿನ ಘಮ. ಅವಳು ಬಟ್ಟಲು ಎತ್ತಿ ಸೊರ್‍ರೆಂದು ಕುಡಿಯುವಾಗ ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ. ಐವತ್ತೊಂಬತ್ತಕ್ಕೆ ಇಳಿದಿದ್ದೆ. ಆದರೆ ಯಾರಿಗೂ ಹೇಳದ ಸಂಗತಿಯೊಂದಿತ್ತು. ಹಾಲಿನ ವ್ಯಾನು ಬಂದಾಗ ತುಂಬಿದ ಕ್ಯಾನಿನ ಒಂದು ಕಿವಿ ನಾನು, ಇನ್ನೊಂದು ಕಿವಿ ಡ್ರೈವರು ಹಿಡಿದು ಏರಿಸುವುದು ಮೊದಲಿನಿಂದಲೂ ವಾಡಿಕೆ. ಈಚೆಗೆ ನನ್ನ ಕೈ ಏಳುತ್ತಿರಲಿಲ್ಲ. ಮೆಟ್ಟಿಲು ಹತ್ತಿದರೆ ತೊಡೆ ನಡುಗುತ್ತಿತ್ತು. ತೆಳ್ಳಗಾದವಳಿಗೆ ಹಗುರ ಅನ್ನಿಸಬೇಕಿತ್ತು, ಅನ್ನಿಸುತ್ತಿರಲಿಲ್ಲ. ಇರಲಿ, ಶುಗರು ಇಳಿದರೆ ಸಾಕು ಎಂದು ಸುಮ್ಮನಿದ್ದೆ. ಮಿಷನ್ನು ಮತ್ತೆ ಬಂದ ದಿನ ಅವಳನ್ನು ಸೋಲಿಸಿದರೆ ಸಾಕು ಎಂಬ ಆಸೆಯೂ ಅದರೊಳಗೇ ಇತ್ತು.

ಮಿಷನ್ನು ಸಂಕ್ರಾಂತಿಗೆ ಮುಂಚೆಯೇ ಮತ್ತೆ ಬಂತು. ಅವತ್ತು ನಾನು ಮಾಡಿದ ಕೆಲಸವನ್ನು ಹಾಲು ಟೆಸ್ಟು ಮಾಡುವವರನ್ನು ಬಿಟ್ಟು ಭೂಮಿಯ ಮೇಲೆ ಬೇರೆ ಯಾರೂ ಮಾಡಿರಲಾರರು. ಹಾಲಿಗೆ ನೀರು ಬೆರೆಸಿದರೆ ಫ್ಯಾಟು ಇಳಿಯುತ್ತದೆ. ಎಷ್ಟು ಜನರನ್ನು ಹಾಗೆ ಹಿಡಿದು ಸಾಲಿನಲ್ಲೇ ಮಾನ ಕಳೆದಿದ್ದೇನೆ. ಗೆಲ್ಲುವುದಂತೂ ಖಾತ್ರಿ, ಇನ್ನೊಂದೆರಡು ಪಾಯಿಂಟು ಜಾಸ್ತಿ ಗೆಲ್ಲೋಣ ಎಂದು ಡೈರಿಯ ಹಿಂದೆ ಹೋಗಿ ದೊಡ್ಡ ಚೊಂಬಿನಲ್ಲಿ ಗಟಗಟನೆ ನೀರು ಕುಡಿದೆ. ಸಾಲದೆಂದು ಮತ್ತೊಂದು ಚೊಂಬು. ಹೊಟ್ಟೆ ಕುಲುಕುತ್ತಾ ಬಂದು ಮಿಷನ್ನಿನ ಮೇಲೆ ನಿಂತೆ.

ನಲವತ್ತನಾಲ್ಕು.

ನರ್ಸು ಮಿಷನ್ನಿನ ಪರದೆ ತಟ್ಟಿ ನೋಡಿದಳು. ಬರುವ ಮುಂಚೆ ಏನಾದರೂ ತಿಂದಿರಾ, ಕುಡಿದಿರಾ ಎಂದು ಕೇಳಿದಳು. ನೀರು ಅಂದೆ. ಎಷ್ಟು ಎಂದಳು. ಹೇಳಿದೆ. ಹಿಂದೆ ಸಾಲಿನಲ್ಲಿದ್ದ ವಾರಗಿತ್ತಿ ತಕ್ಷಣ ಅರ್ಥಮಾಡಿಕೊಂಡು, ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು. ಹೊಟ್ಟೆಯಲ್ಲಿ ನಿಂತ ನೀರು ತೂಕಕ್ಕೆ ಮಾತ್ರ ಸೇರುತ್ತದೆ, ಕರೆಂಟು ಹೋಗುವ ದಾರಿಗೆ ಸಿಗುವುದಿಲ್ಲ, ಹಾಗಾಗಿ ಮಿಷನ್ನು ಅದನ್ನೂ ಕೊಬ್ಬಿನ ಲೆಕ್ಕಕ್ಕೇ ಹಾಕುತ್ತದೆ ಎಂದು ನರ್ಸು ವಿವರಿಸಿದಳು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಪ್ರತಿ ಸಲವೂ ಒಂದೇ ರೀತಿ ಪರೀಕ್ಷೆ ಮಾಡಿಸಿಕೊಂಡರೆ ಮಾತ್ರ ಏರಿತೋ ಇಳಿಯಿತೋ ತಿಳಿಯುವುದಂತೆ. ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ.

ಮರುದಿನ ಶಿಬಿರ ಸುಗಟೂರಿನಲ್ಲಿತ್ತು. ಖಾಲಿ ಹೊಟ್ಟೆಯಲ್ಲಿ ಅಲ್ಲಿಗೇ ಹೋಗಿ ಮತ್ತೆ ಹತ್ತಿದೆ. ವಾರಗಿತ್ತಿಯೂ ಜೊತೆಗೆ ಬಂದಳು, ಬೇಡ ಅಂದರೂ ಬಂದಳು. ತೂಕ ಐವತ್ತೊಂಬತ್ತು. ಫ್ಯಾಟು ನಲವತ್ತೆರಡು.

ನನಗೆ ಮಿಷನ್ನಿನ ಮೇಲೆ ಸಿಟ್ಟು, ನರ್ಸಿನ ಮೇಲೆ ಸಿಟ್ಟು, ಪಕ್ಕದಲ್ಲಿ ಗಟ್ಟಿಯಾಗಿ ನಿಂತಿದ್ದವಳ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು. ಏಳು ಕೆಜಿ ಇಳಿಸಿದ್ದೀನಿ, ಇದು ಹೇಗೆ ಏರುತ್ತದೆ ಎಂದು ಜಗಳಕ್ಕೇ ನಿಂತೆ. ಆ ಹುಡುಗಿ ಬೇಸರಿಸಿಕೊಳ್ಳದೆ ಹಾಳೆಯ ಮೇಲೆ ಲೆಕ್ಕ ಹಾಕಿ ತೋರಿಸಿದಳು. ಮೊದಲು ನನ್ನ ಮೈಯಲ್ಲಿ ಕೊಬ್ಬು ಇಪ್ಪತ್ತೇಳು ಕೆಜಿ, ಈಗ ಸುಮಾರು ಇಪ್ಪತ್ತೈದು. ಹೋದ ಏಳರಲ್ಲಿ ಕೊಬ್ಬು ಎರಡು ಕೆಜಿ ಚಿಲ್ಲರೆ. ಉಳಿದ ಐದು ಕೆಜಿಯ ಹತ್ತಿರ ಮಾಂಸಖಂಡ ಮತ್ತು ನೀರು. ಮಿಷನ್ನಿನದು ಅಂದಾಜೇ ಆದರೂ ಸುಳ್ಳು ಹೇಳುತ್ತಿಲ್ಲ, ಕೈಕಾಲಿನಲ್ಲಿ ಶಕ್ತಿ ಕಡಿಮೆಯಾಗಿರಬೇಕಲ್ಲವಾ ಎಂದು ಕೇಳಿದಳು. ನನ್ನ ಕಣ್ಣ ಮುಂದೆ ಬಂದದ್ದು ಬತ್ತುತ್ತಿರುವ ಹಸು. ಕರು ಬಲಿತು ಹಾಲು ಕಡಿಮೆಯಾಗುತ್ತಾ ಬಂದ ಹಾಗೆ ಅಂಥ ಹಸುವಿನ ಹಾಲಿನಲ್ಲಿ ಫ್ಯಾಟು ಏರುತ್ತದೆ. ಹೊಸಬರು ಅದನ್ನು ನೋಡಿ ಹಿಗ್ಗುತ್ತಾರೆ. ಹಿಗ್ಗಬೇಡ, ಹಸು ಬತ್ತುತ್ತಿದೆ ಎಂದು ಅವರಿಗೆಲ್ಲ ಹೇಳುವವಳು ನಾನೇ.

ಕೋಲಾರದ ಡಾಕ್ಟರೂ ಅದನ್ನೇ ಇನ್ನೊಂದು ಬಾಯಲ್ಲಿ ಹೇಳಿದರು. ಶುಗರು ಇದ್ದಲ್ಲೇ ಇತ್ತು. ತಿಂದ ಅನ್ನದ ಸಕ್ಕರೆಯನ್ನು ಎಳೆದುಕೊಂಡು ಸುಡುವುದೇ ಮಾಂಸಖಂಡ, ನೀವು ಅದನ್ನೇ ಕಳೆದುಕೊಂಡು ಬಂದಿದ್ದೀರ, ಉಪವಾಸ ಬಿಡಿ, ಕಾಳು ಮೊಟ್ಟೆ ತಿನ್ನಿ, ಭಾರ ಎತ್ತುವ ಕೆಲಸ ಮಾಡಿ, ಬೇಸಿಗೆ ಹೊತ್ತಿಗೆ ಮತ್ತೆ ನೋಡೋಣ, ಆಗಲೂ ಹೀಗೇ ಇದ್ದರೆ ಮಾತ್ರೆ ಖಂಡಿತ ಎಂದರು. ಹೆಂಗಸರು ಭಾರ ಎತ್ತುವುದಕ್ಕೆ ಕೋಲಾರದಲ್ಲಿ ಜಿಮ್ಮು ಇದೆ ಎಂದು ಗಂಡ ಹೇಳಿದರು. ಬೆಳಿಗ್ಗೆ ಸಂಜೆ ಡೈರಿ ಇಟ್ಟುಕೊಂಡು ಬಸ್ಸು ಹತ್ತಿ ಹೋಗಿ ಕಬ್ಬಿಣ ಎತ್ತಿ ಬರುವುದೆಲ್ಲಿ? ಭಾರ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಅದನ್ನು ಯಾರ ಹತ್ತಿರ ಕೇಳಬೇಕು ಎಂಬುದೂ ಗೊತ್ತಿತ್ತು. ಅದಕ್ಕಿಂತ ಮಾತ್ರೆಯೇ ವಾಸಿ ಎಂದು ಎರಡು ದಿನ ಅನ್ನಿಸಿತು. ಮೂರನೆಯ ದಿನ ಸ್ನಾನ ಮಾಡುವಾಗ ಕಾಲಿನ ಹೆಬ್ಬೆರಳು ಜುಮ್ಮೆಂದಿತು. ಸುಮ್ಮನೆ ತಣ್ಣೀರಿಗೆ ಆಗಿದ್ದಿರಬಹುದು. ಅಮ್ಮನಿಗೂ ಜುಮ್ಮೆನ್ನುವುದರಿಂದಲೇ ಶುರುವಾಗಿತ್ತು.

ಡೈರಿ ಮುಗಿಸಿ ನೇರವಾಗಿ ಸೊಪ್ಪಿನ ತೋಟಕ್ಕೆ ಹೋದೆ. ಹುಳಗಳು ಕೊನೆಯ ಜ್ವರದಿಂದ ಎದ್ದಿದ್ದವು. ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಕಳಚುವುದನ್ನು ನಮ್ಮಲ್ಲಿ ಜ್ವರ ಅನ್ನುತ್ತಾರೆ. ಕೊನೆಯದರಿಂದ ಎದ್ದವು ಎಷ್ಟು ಸೊಪ್ಪು ಹಾಕಿದರೂ ಮುಕ್ಕುತ್ತವೆ. ವಾರಗಿತ್ತಿ ಕುಡುಗೋಲಿನಿಂದ ಕಡ್ಡಿ ಸಮೇತ ಸೊಪ್ಪು ಕೊಯ್ದು ಹೊರೆ ಕಟ್ಟುತ್ತಿದ್ದಳು. ಅವಳ ಮುಂಗೈಯ ನರ ಉಬ್ಬಿ ಇಳಿಯುತ್ತಿತ್ತು. ಅಷ್ಟೆಲ್ಲ ಆದಮೇಲೂ ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚೇ ಆಯಿತು. ಇವತ್ತಿನಿಂದ ನಾನೂ ಒಂದು ಹೊರೆ ಹೊರುತ್ತೇನೆ, ಹೇಗೆಂದು ತೋರಿಸು ಎಂದೆ. ಕೇಳಿದ್ದು ಬೇಡುವ ಹಾಗಿರದೆ ಅಪ್ಪಣೆ ಕೊಟ್ಟ ಹಾಗೆ ಬಂತು.

ಅವಳು ನಗಲಿಲ್ಲ. ನಗುತ್ತಾಳೆ ಎಂದು ನಾನು ಜಗಳಕ್ಕೆ ತಯಾರಾಗಿ ಬಂದಿದ್ದೆ. ಒಂದು ಸಣ್ಣ ಹೊರೆ ಬೇರೆ ಕಟ್ಟಿದಳು. ಹಳೇ ಪಂಚೆಯ ತುಂಡನ್ನು ಸುತ್ತಿ ಸಿಂಬೆ ಮಾಡಿ ನನ್ನ ತಲೆಯ ಮೇಲೆ ಕೂರಿಸಿದಳು. ಕತ್ತು ನೇರ ಇರಲಿ, ಸೊಂಟದಿಂದ ಬಗ್ಗಬೇಡ, ಮಂಡಿ ಮಡಚಿ ಏಳು ಎಂದಳು. ಮಂಡಿ ಮಡಚಿ ಕೂತೆ. ಅವಳು ಹೊರೆ ಎತ್ತಿ ತಲೆಗಿಟ್ಟಳು. ಮೊದಲ ಸಲ ಏಳಲಾಗದೆ ಕೂತೇ ಬಿಟ್ಟೆ. ಎರಡನೆಯ ಸಲ ಅವಳು ನನ್ನ ಎರಡೂ ತೋಳುಗಳ ಕೆಳಗೆ ಕೈ ಕೊಟ್ಟು ಎಬ್ಬಿಸಿದಳು. ನಂತರ ತನ್ನದನ್ನು ಬದುವಿಗೆ ಒರಗಿಸಿಕೊಂಡು ಯಾರ ಸಹಾಯವೂ ಇಲ್ಲದೆ ಎತ್ತಿಕೊಂಡಳು. ಅವಳದು ನನ್ನದರ ಎರಡರಷ್ಟಿತ್ತು.

ಬದುವಿನ ಮೇಲೆ ನಾನು ಮುಂದೆ, ಅವಳು ಹಿಂದೆ. ನನ್ನ ತೊಡೆ ಅದುರುತ್ತಿತ್ತು, ಬೆವರು ಕಣ್ಣಿಗೆ ಇಳಿಯುತ್ತಿತ್ತು. ದಾಟಿಕೊಂಡು ಹೋಗಲು ಅವಳಿಗೆ ಸಾಕಷ್ಟು ಜಾಗವಿತ್ತು, ಹೋಗಲಿಲ್ಲ. ಇಷ್ಟು ಭಾರವನ್ನು ದಿನವೂ ಹೇಗೆ ಹೊರುತ್ತೀಯೇ ಎಂದು ನನ್ನ ಬಾಯಿಂದ ತಾನಾಗಿ ಬಂತು.

"ನೀನು ಡೈರಿಗೆ ಸೇರಿದ ವರ್ಷ ಅತ್ತೆ ನಿನ್ನ ಪಾಲಿನ ಹೊರೇನೂ ನಂಗೇ ಕಟ್ಟಿಬಿಟ್ರಲ್ಲ ಅಕ್ಕಾ," ಎಂದಳು. "ಅವತ್ತಿಂದ ಎರಡೂ ನಾನೇ ಹೊರ್ತಾ ಇದೀನಿ. ಇಷ್ಟು ದಿನ ನೀನು ನನ್ನ ಮೈ ನೋಡ್ದೆ. ಅದರ ಮೇಲೆ ಏನಿತ್ತು ಅಂತ ಒಂದು ದಿನಾನೂ ನೋಡ್ಲಿಲ್ಲ."

ದನಿಯಲ್ಲಿ ಸಿಟ್ಟಿತ್ತೋ, ಅಳುವಿತ್ತೋ, ಬರೀ ಆಯಾಸವಿತ್ತೋ ತಿಳಿಯಲಿಲ್ಲ. ತಿರುಗಿ ಅವಳ ಮುಖ ನೋಡಬೇಕೆನ್ನಿಸಿತು. ತಲೆಯ ಮೇಲೆ ಹೊರೆ ಇದ್ದಾಗ ಕತ್ತು ತಿರುಗಿಸಲು ಆಗುವುದಿಲ್ಲ.